ವಿದುರನ ಮರದ ಕೆಳಗೆ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಓಡಾಡುವವರಿಗೆ ಅರಳಿಕಟ್ಟೆ ಅಪರಿಚಿತವಲ್ಲ. ಹೊಲಗದ್ದೆಗಳು ಮನೆಗಳಾದ ಮೇಲೂ ಅಲ್ಲಲ್ಲಿ ಒಂದು ಕಟ್ಟೆ, ಅದರ ಮೇಲೆ ಅರಿಸಿನ ಕುಂಕುಮ ಹಚ್ಚಿದ ನಾಗರಕಲ್ಲು ಉಳಿದುಕೊಂಡಿರುತ್ತವೆ. ಅವನ್ನು ಕಂಡಾಗಲೆಲ್ಲ ನನ್ನ ನೆನಪು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದತ್ತ ಹರಿಯುತ್ತದೆ.

ಉತ್ತರ ಪಿನಾಕಿನಿಯ ತೀರದ ಆ ಕ್ಷೇತ್ರದ ಅಶ್ವತ್ಥವನ್ನು ವಿದುರನೇ ನೆಟ್ಟನೆಂಬುದು ಪ್ರತೀತಿ. ಮಕ್ಕಳ ಫಲ ಬೇಡಿದವರು, ನಾಗದೋಷ ಕಳೆಯಲೆಂದು ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಸಾವಿರಾರು ನಾಗರಕಲ್ಲುಗಳು ಅಲ್ಲಿವೆ. ಒಂದೊಂದು ಕಲ್ಲೂ ಒಂದೊಂದು ಸಂಸಾರದ ಮೊರೆ. ಅರಸನ ಆಜ್ಞೆಯಿಂದ ನಿಂತ ಕಲ್ಲುಗಳಲ್ಲ ಅವು. ಜನ ತಾವಾಗಿ ತಂದು ನಿಲ್ಲಿಸಿದವು.

1938ರ ಏಪ್ರಿಲ್‌ನಲ್ಲಿ ಜನ ಅಲ್ಲಿಗೆ ಮತ್ತೊಂದು ಸಂಕೇತವನ್ನು ತಂದರು. ನಡುವೆ ಚರಕವಿದ್ದ ತ್ರಿವರ್ಣ ಧ್ವಜ ಅದು. ಮೈಸೂರು ಸಂಸ್ಥಾನದಲ್ಲಿ ಅದನ್ನು ಹಾರಿಸುವುದಕ್ಕೆ ಆಗ ನಿಷೇಧವಿತ್ತು. ಅದೇ ತಿಂಗಳ ಎರಡನೆಯ ವಾರ ಮದ್ದೂರಿನ ಬಳಿಯ ಶಿವಪುರದಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಆ ನಿಷೇಧವನ್ನು ಮುರಿಯಿತು. ಮುಖಂಡರು ಸೆರೆಯಾದರು, ಆದರೆ ಧ್ವಜ ಸತ್ಯಾಗ್ರಹ ಊರಿಂದೂರಿಗೆ ಹಬ್ಬಿತು. ವಿದುರಾಶ್ವತ್ಥದಲ್ಲಿ ಅದು ಜಾತ್ರೆಯ ಕಾಲ. ಸಭೆಗೆಂದು ಬಂದವರು ಯಾರು, ದೇವರಿಗೆಂದು ಬಂದವರು ಯಾರು ಎಂದು ಬೇರ್ಪಡಿಸುವಂತಿರಲಿಲ್ಲ. ಬಹುಮಂದಿ ಎರಡಕ್ಕೂ ಬಂದವರೇ.

ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಗುಂಪು ಕಲ್ಲೆಸೆಯಿತೆಂಬುದು ಅಧಿಕಾರಿಗಳ ವಾದ. ಸತ್ತವರು ಹತ್ತರ ಆಸುಪಾಸು ಎಂದಿತು ಸರ್ಕಾರ. ಜನರ ಲೆಕ್ಕ ಮೂವತ್ತನ್ನು ದಾಟಿತು. ಹತ್ತೊಂಬತ್ತು ವರ್ಷ ಹಿಂದೆ ವೈಶಾಖಿಯ ದಿನ ಅಮೃತಸರದಲ್ಲಿ ನಡೆದುದನ್ನು ನೆನೆದು ಈ ಸ್ಥಳವನ್ನು ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆದರು. ಪಾವಿತ್ರ್ಯ ಗುಂಡನ್ನು ತಡೆಯಲಿಲ್ಲ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಮರವೂ ಕಲ್ಲೂ ಬಟ್ಟೆಯೂ ತಮ್ಮನ್ನು ತಾವು ಕಾಯಲಾರವು.

ಹಾಗಾದರೆ ಸಂಕೇತದ ಬಲವೆಲ್ಲಿದೆ? ಮರಕ್ಕೆ ಹೆಸರು ಕೊಟ್ಟ ವಿದುರನನ್ನೇ ಕೇಳಬಹುದು. ತುಂಬಿದ ಸಭೆಯಲ್ಲಿ ದ್ರೌಪದಿಗೆ ಅನ್ಯಾಯವಾದಾಗ ಹಿರಿಯರು ಮೌನವಾಗಿದ್ದರೂ ಅವನು ಬಾಯಿಬಿಟ್ಟು ಇದು ಅಧರ್ಮವೆಂದ. ಅವನ ಮಾತು ನಡೆಯಲಿಲ್ಲ; ಮಹಾಯುದ್ಧದಲ್ಲಿ ಅವನು ಆಯುಧ ಹಿಡಿಯಲೂ ಇಲ್ಲ. ಅರಮನೆಯ ಅನ್ನ ತಿಂದೂ ಅರಮನೆಗೆ ಸತ್ಯ ಹೇಳಿದವನು ಅವನು. ಆಳುವವರನ್ನು ದ್ವೇಷಿಸದೆ ಅವರ ತಪ್ಪನ್ನು ಒಪ್ಪದಿರುವುದು ಗಾಂಧೀಜಿ ಹುಟ್ಟಿಸಿದ ಹೊಸ ಮಾತಲ್ಲ. ನಮ್ಮ ಪುರಾಣಪ್ರಸಂಗದಲ್ಲಿ, ಹರಿಕಥೆಯಲ್ಲಿ ಹಳ್ಳಿಗರು ಕೇಳುತ್ತ ಬಂದ ಮಾತೇ. ಸತ್ಯಾಗ್ರಹವೆಂಬ ಹೆಸರು ಹೊಸದಾಗಿದ್ದರೂ ಅದರ ತಿರುಳು ಅವರಿಗೆ ಪರಕೀಯವೆನಿಸದಿದ್ದುದು ಅದರಿಂದಲೇ.

ಮುಂದೆ ನಡೆದುದನ್ನೂ ಗಮನಿಸಬೇಕು. ವಿಚಾರಣೆಗೆ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಮೇ ತಿಂಗಳಲ್ಲಿ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಒಂದು ಲಾಂಛನ ಗೆದ್ದು ಇನ್ನೊಂದು ಮಣ್ಣುಪಾಲಾಗಲಿಲ್ಲ. ತಮ್ಮ ಧ್ವಜಕ್ಕೆ ಮಾನ ಕೇಳಿದವರು ಇನ್ನೊಬ್ಬರ ಧ್ವಜಕ್ಕೆ ಅವಮಾನ ಕೇಳಲಿಲ್ಲ. ಅಹಿಂಸೆಯ ಲಕ್ಷಣವನ್ನು ನಾನು ಕಾಣುವುದು ಇಲ್ಲಿ. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಜನ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ವಿದುರಾಶ್ವತ್ಥದ ಹಳೆಯ ಮರ 2001ರಲ್ಲಿ ಉರುಳಿತು. ಕಲ್ಲುಗಳಿವೆ, ಹುತಾತ್ಮರ ಸ್ಮಾರಕವಿದೆ, ಹರಕೆ ಹೊತ್ತವರು ಇಂದಿಗೂ ಬರುತ್ತಾರೆ. ಪವಿತ್ರ ಸಂಕೇತಗಳನ್ನು ಎದುರಾಳಿಯ ಮೇಲೆ ಎತ್ತಿದ ದೊಣ್ಣೆಯನ್ನಾಗಿ ಮಾಡುವುದು ಸುಲಭ. ಅವುಗಳ ಕೆಳಗೆ ಬರಿಗೈಯಲ್ಲಿ ನಿಲ್ಲುವುದು ಕಷ್ಟ. ನಮ್ಮ ಬೀದಿಯ ಅರಳಿಕಟ್ಟೆಗೆ ಪ್ರದಕ್ಷಿಣೆ ಬರುವಾಗ, ಹಾಗೆ ನಿಂತವರನ್ನೂ ಒಂದು ಕ್ಷಣ ನೆನೆದರೆ ನಮ್ಮ ಭಕ್ತಿಗೆ ಕುಂದೇನೂ ಬಾರದು.