ಹೆಂಚಿನ ಮೇಲಿನ ಇಸವಿ

ತೀರ್ಥಹಳ್ಳಿಯ ಸೀಮೆಯಲ್ಲಿರುವ ನಮ್ಮ ಹಿರಿಯರ ಮನೆಯನ್ನು ದುರಸ್ತಿ ಮಾಡಿಸಬೇಕೆಂಬ ಮಾತು ಎದ್ದಾಗ ಅದನ್ನು ಬಲವಾಗಿ ವಿರೋಧಿಸಿದವನು ನಾನು. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳ ಜಗಲಿ, ಮೇಲೆ ಕೆಂಪು ಹೆಂಚಿನ ಮಾಡು; ಇದರಲ್ಲಿ ಒಂದು ಮೊಳೆಯನ್ನು ಕಿತ್ತರೂ ಹಿರಿಯರಿಗೆ ಅಪಚಾರವೆಂದು ನನ್ನ ಭಾವನೆ. ಆದರೆ ಮಳೆಗಾಲದ ಒಂದು ರಾತ್ರಿ, ಹಿತ್ತಲಿನ ಬಚ್ಚಲಿಗೆ ಹೊರಟ ಅಮ್ಮ ಹಾಸುಗಲ್ಲಿನ ಮೇಲೆ ಜಾರಿ ಬಿದ್ದರು. ಎಂಬತ್ತು ದಾಟಿದ ಜೀವ. ಮೂಳೆ ಮುರಿಯದಿದ್ದುದೇ ಪುಣ್ಯ. ಹಳೆಯದನ್ನೆಲ್ಲ ಕೆಡವಿ ತಾರಸಿಯ ಮನೆ ಕಟ್ಟೋಣವೆಂದು ತಮ್ಮ, ಕೂಡದೆಂದು ನಾನು.

ನನ್ನ ವಾದಕ್ಕೆ ಆಧಾರ ಒಂದು ಹೆಂಚು. ಅದರ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಉಬ್ಬಚ್ಚಿನಲ್ಲಿವೆ. ಮನೆ ಅಷ್ಟು ಹಳೆಯದೆಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಆದರೆ ಅದು ಆ ಹೆಂಚನ್ನು ಸುಟ್ಟ ವರ್ಷವಲ್ಲ. ಮಂಗಳೂರಿನಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಮುಂದೆ ತಯಾರಾದ ಹೆಂಚುಗಳ ಮೇಲೂ ಅದೇ ಇಸವಿ ಮುಂದುವರಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. 1919ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿಗೆ ಅವು ಸೇರಿದವು. ನಮ್ಮ ಅಡುಗೆಮನೆಯ ಹೆಂಚಿನ ಮೇಲಿರುವುದು ಈ ಎರಡನೆಯ ಹೆಸರು. ಎಂದರೆ ಅಲ್ಲಿನ ಹೆಂಚು 1919ಕ್ಕಿಂತ ಈಚಿನದು. ಒಂದೇ ಮನೆಯೆಂದು ನಾನು ತಿಳಿದದ್ದಕ್ಕೆ ಎರಡು ಕಾಲಗಳಿದ್ದವು.

ಮೂರನೆಯದನ್ನು ತೋರಿಸಿದವರು ಮೇಸ್ತ್ರಿ. ಹಿಂದೊಮ್ಮೆ ದೊಡ್ಡಪ್ಪ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ನೆಲದಿಂದ ಏರಿದ ತೇವ ಹೊರಗೆ ಆರಲಾರದೆ ಗೋಡೆಯೊಳಗೇ ನಿಂತು ಗಿಲಾವು ಉಬ್ಬಿತ್ತು. ಅದನ್ನು ಕೆತ್ತಿದಾಗ, ಈಗಿನ ತೊಲೆಗಳಿಗಿಂತ ಕೆಳಗೆ, ಹಳೆಯ ಗಳುಗಳನ್ನು ಹೂಡಿದ್ದ ಗುಂಡನೆಯ ತೂತುಗಳು ಕಂಡವು. ಅವುಗಳ ಸುತ್ತ ಹೊಗೆಯ ಕಪ್ಪು; ಒಂದರಲ್ಲಿ ಅಡಕೆ ಸೋಗೆಯ ಚೂರು. “ಇದು ಮೊದಲು ಸೋಗೆ ಮನೆ ಸ್ವಾಮಿ” ಎಂದರು ಮೇಸ್ತ್ರಿ. ಪ್ರತಿವರ್ಷ ಹೊಸ ಸೋಗೆ ಹೊದಿಸುವ ಶ್ರಮದಿಂದಲೋ ಬೆಂಕಿಯ ಭಯದಿಂದಲೋ ಬೇಸತ್ತು, ಯಾರೋ ಹಿರಿಯರು ಆಗುಂಬೆ ಘಾಟಿಯ ಗಾಡಿಗಳಲ್ಲಿ ಈ ಹೆಂಚು ತರಿಸಿರಬೇಕು. ಸೋಗೆಯ ತಂಪು ಹೋಯಿತೆಂದು ಆಗಲೂ ಒಬ್ಬರು ಜಗಲಿಯಲ್ಲಿ ಕುಳಿತು ಕೊರಗಿರಲಾರರೆ? ನಾನು ಪೂಜಿಸುತ್ತಿದ್ದ ಹಳತು ಅವರ ಪಾಲಿಗೆ ಹೊಸತಾಗಿತ್ತು.

ಇದೇ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬೆಳೆದ ಮನೆಯನ್ನು ದುರಸ್ತಿಗೊಳಿಸಿ ಸ್ಮಾರಕವಾಗಿ ಉಳಿಸಿದ್ದಾರೆ. ಅಲ್ಲಿ ಕಾಲವನ್ನು ಹಿಡಿದು ನಿಲ್ಲಿಸುವುದು ಉಚಿತ. ಕವಿಯ ಬಾಲ್ಯವನ್ನು ಕಾಣಲೆಂದೇ ನಾವು ಹೋಗುತ್ತೇವೆ. ಆದರೆ ಮುದುಕಿಯೊಬ್ಬಳು ನಡುರಾತ್ರಿ ಎದ್ದು ನಡೆಯಬೇಕಾದ ಮನೆಗೆ ಆ ನ್ಯಾಯ ಸಲ್ಲದು. ವಾಸದ ಮನೆಯಲ್ಲಿ ಪ್ರತಿ ತಲೆಮಾರೂ ತನ್ನವರ ಅಗತ್ಯಕ್ಕಾಗಿ ಏನನ್ನಾದರೂ ಸೇರಿಸಿರುತ್ತದೆ. ಮನೆಯ ಚರಿತ್ರೆಯೆಂದರೆ ಈ ಸೇರಿಕೆಗಳ ಚರಿತ್ರೆಯೇ. ಹಾಗೆಂದು ಎಲ್ಲವನ್ನೂ ಕೆಡವಬಹುದೆಂದಲ್ಲ. ಕೆಡವಿದ್ದರೆ ಆ ತೂತುಗಳನ್ನು ನಾನು ಕಾಣುತ್ತಲೇ ಇರಲಿಲ್ಲ.

ಕೊನೆಗೆ ತಮ್ಮನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಅಂಗಳವನ್ನು ಮುಚ್ಚಲಿಲ್ಲ. ಮಣ್ಣಿನ ಗೋಡೆಗೆ ಮರಳಿ ಸುಣ್ಣದ ಗಾರೆ. ಅಮ್ಮನ ಕೋಣೆಗೆ ಹೊಂದಿಸಿ, ಹಳೆಯ ಗೋಡೆಗೆ ಭಾರ ಬೀಳದಂತೆ, ಇಟ್ಟಿಗೆಯ ಬಚ್ಚಲು. ಹಳತೂ ಹೊಸತೂ ಕೂಡುವ ಸಂದನ್ನು ಮರೆಮಾಚಲಿಲ್ಲ; ಕಣ್ಣಿಗೆ ಕಾಣುವಂತೆಯೇ ಬಿಟ್ಟೆವು. ಹೊಸ್ತಿಲ ಬಳಿಯ ಹಸಿ ಸಿಮೆಂಟಿನ ಮೇಲೆ ತಮ್ಮ ಅಂದಿನ ಇಸವಿಯನ್ನು ಗೀರಿದ. ಮುಂದಿನವರು ನನ್ನಂತೆ ಹೆಂಚು ನೋಡಿ ಮೋಸಹೋಗಬಾರದಲ್ಲ!

ಕೆಲಸ ಮುಗಿದ ದಿನ ಅಮ್ಮ ಗೋಡೆ ಹಿಡಿದು ಒಳಗೆ ಹೋಗಿ ಬಂದರು. “ಎಲ್ಲ ಸರಿ ಮಾಡಿದೀರಿ. ಬಿಸಿನೀರಿನ ಹಂಡೆ ಮಾತ್ರ ಹಳೆಯದೇ ಇರಬೇಕಿತ್ತು” ಎಂದರು.