ಬಂಡೆ ಏರುವವರಿಗೆ ಹಗ್ಗ ಮತ್ತು ಬಿಲೇ ಸಾಧನ: ಆಯ್ಕೆ ಹೇಗೆ?

ಶಿಲಾರೋಹಣದಲ್ಲಿ ಏರುವವರ ಪ್ರಾಣ ಕೆಳಗೆ ಹಗ್ಗ ಹಿಡಿದು ನಿಂತವರ ಕೈಯಲ್ಲಿರುತ್ತದೆ. ಜೊತೆಗಾರರು ಮೇಲೇರಿದಂತೆ ಹಗ್ಗ ಬಿಡುತ್ತ ಹೋಗಬೇಕು, ಅವರು ಜಾರಿದರೆ ತಕ್ಷಣ ತಡೆದು ನಿಲ್ಲಿಸಬೇಕು. ಈ ಕೆಲಸಕ್ಕೆ ಬಿಲೇ ಎಂದೂ ಅದನ್ನು ಮಾಡುವವರಿಗೆ ಬಿಲೇಯರ್ ಎಂದೂ ಹೆಸರು. ರಾಮನಗರದ ಗ್ರಾನೈಟ್ ಬೆಟ್ಟಗಳಲ್ಲಿ, ಬಾದಾಮಿಯ ಮರಳುಗಲ್ಲಿನ ಬಂಡೆಗಳಲ್ಲಿ ಈ ಕ್ರೀಡೆ ಕಲಿತವರು ಸ್ವಂತ ಸಲಕರಣೆ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ‘ಎಷ್ಟು ಭಾರ ತಡೆಯುತ್ತದೆ’ ಎಂದು. ಹಗ್ಗ ಮತ್ತು ಸಾಧನ ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯ.

ಹಿಗ್ಗುವ ಹಗ್ಗವೇ ಏಕೆ?

ಬಾವಿಯಿಂದ ನೀರು ಸೇದುವ ಹಗ್ಗ ಹಿಗ್ಗದಿದ್ದರೆ ಒಳ್ಳೆಯದು. ಬೀಳುವವರನ್ನು ಹಿಡಿಯುವ ಹಗ್ಗ ಮಾತ್ರ ಹಿಗ್ಗಲೇಬೇಕು. ಹಿಗ್ಗದ ಹಗ್ಗ ಬೀಳುವ ದೇಹವನ್ನು ಒಮ್ಮೆಲೇ ನಿಲ್ಲಿಸುತ್ತದೆ. ಆ ಹೊಡೆತವೆಲ್ಲ ಬಿದ್ದವರ ದೇಹಕ್ಕೂ ಬಂಡೆಯಲ್ಲಿರುವ ಬೋಲ್ಟಿಗೂ ತಟ್ಟುತ್ತದೆ. ಆದ್ದರಿಂದ ಬಳಸಬೇಕಾದ್ದು ನೈಲಾನಿನ ಡೈನಾಮಿಕ್ ಹಗ್ಗ. ಇದರ ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುತ್ತದೆ. ಈ ರಚನೆಯ ಹಗ್ಗವನ್ನು ಜರ್ಮನಿಯ ಎಡೆಲ್‌ರಿಡ್ ಸಂಸ್ಥೆ 1953ರಲ್ಲಿ ತಯಾರಿಸಿತು.

ಡೈನಾಮಿಕ್ ಹಗ್ಗದ ಪಟ್ಟಿಯ ಮೇಲೆ ‘ಇಎನ್ 892’ ಎಂಬ ಐರೋಪ್ಯ ಮಾನದಂಡದ ಗುರುತು ಇರಬೇಕು. ಇದರ ಪರೀಕ್ಷೆಯಲ್ಲಿ 80 ಕಿಲೋ ತೂಕವನ್ನು ಹಗ್ಗಕ್ಕೆ ಕಟ್ಟಿ ಬೀಳಿಸುತ್ತಾರೆ. ಒಂಟಿ ಹಗ್ಗ ಕನಿಷ್ಠ 5 ಬಾರಿ ತಾಳಬೇಕು. ಮೊದಲ ಬೀಳುವಿಕೆಯಲ್ಲಿ ಹೊಡೆತ 12 ಕಿಲೋನ್ಯೂಟನ್ ಮೀರಬಾರದು, ಹಿಗ್ಗು ಶೇ. 40 ದಾಟಬಾರದು. ‘ಇಎನ್ 1891’ ಎಂದಿರುವುದು ಕಡಿಮೆ ಹಿಗ್ಗುವ ಹಗ್ಗ. ಅದು ಇಳಿಯಲು, ಸಾಮಾನು ಎಳೆಯಲು, ರಕ್ಷಣಾ ಕಾರ್ಯಕ್ಕೆ ಸರಿ. ಹಗ್ಗವನ್ನು ಕೊಂಡೊಯ್ಯುತ್ತ ಮುಂದಾಗಿ ಏರುವವರಿಗೆ ಅದು ಸಲ್ಲದು.

ಹಗ್ಗದ ತುದಿಯಲ್ಲಿರುವ ಚಿಹ್ನೆಯನ್ನೂ ನೋಡಬೇಕು. ವೃತ್ತದೊಳಗೆ 1 ಎಂದಿದ್ದರೆ ಒಂದೇ ಹಗ್ಗವಾಗಿ ಬಳಸಬಹುದು. ½ ಎಂದಿದ್ದರೆ ಅಥವಾ ಒಂದರೊಳಗೊಂದು ಸೇರಿದ ಎರಡು ಬಳೆಗಳಿದ್ದರೆ ಅಂಥ ಎರಡು ಹಗ್ಗ ಬೇಕು. ಕಲಿಯುವವರಿಗೆ ಒಂಟಿ ಹಗ್ಗವೇ ಸೂಕ್ತ.

ದಪ್ಪ ಮತ್ತು ಉದ್ದ

ಆರಂಭಿಕರಿಗೆ ಸುಮಾರು 9.8ರಿಂದ 10.2 ಮಿ.ಮೀ. ದಪ್ಪದ ಹಗ್ಗ ಒಳ್ಳೆಯದು. ತೆಳು ಹಗ್ಗ ಹಗುರ, ಆದರೆ ಸಾಧನದೊಳಗೆ ಬೇಗ ಜಾರುತ್ತದೆ, ಕೈಗೆ ಹಿಡಿತ ಸಿಗುವುದು ಕಷ್ಟ. ಒರಟು ಗ್ರಾನೈಟಿಗೆ ಉಜ್ಜಿ ಬೇಗ ಸವೆಯುತ್ತದೆ ಕೂಡ.

ಏರಿದವರನ್ನು ನೆಲಕ್ಕೆ ಇಳಿಸಲು ಎತ್ತರದ ಎರಡು ಪಟ್ಟಿಗಿಂತ ಹೆಚ್ಚು ಉದ್ದದ ಹಗ್ಗ ಬೇಕು. 60 ಮೀಟರ್ ಹಗ್ಗಕ್ಕೆ 30 ಮೀಟರ್ ಬಂಡೆಯೇ ಮಿತಿ ಎಂದು ತಿಳಿಯಬೇಕು. ಇಳಿಸುವಾಗ ಹಗ್ಗದ ತುದಿ ಸಾಧನದಿಂದ ಜಾರಿಹೋದರೆ ಏರಿದವರು ನೇರ ನೆಲಕ್ಕೆ ಬೀಳುತ್ತಾರೆ. ಕೆಳತುದಿಗೆ ಒಂದು ಗಂಟು ಹಾಕಿದರೆ ಈ ಅನಾಹುತ ತಪ್ಪುತ್ತದೆ.

ಬಿಲೇ ಸಾಧನಗಳು

* ಟ್ಯೂಬ್: ಸರಳ, ಹಗುರ, ಬೆಲೆ ಕಡಿಮೆ. ಹಗ್ಗ ಬಾಗಿ ಹಾಯುವಾಗ ಆಗುವ ಘರ್ಷಣೆಯೇ ಇದರ ಬ್ರೇಕು. ಕೈ ಬಿಟ್ಟರೆ ತಡೆ ಇಲ್ಲ.
* ಗ್ರಿಗ್ರಿ ಮಾದರಿ: ಫ್ರಾನ್ಸಿನ ಪೆಟ್ಜಲ್ ಸಂಸ್ಥೆ 1991ರಲ್ಲಿ ತಂದಿತು. ಹಗ್ಗ ಥಟ್ಟನೆ ಎಳೆದಾಗ ಒಳಗಿನ ತಿರುಗು ತುಂಡು ಅದನ್ನು ಅದುಮಿ ಹಿಡಿಯುತ್ತದೆ. ಹಗ್ಗವನ್ನು ತಿರುಗಾಮುರುಗಾ ಹಾಕಿದರೆ ಹಿಡಿಯುವುದಿಲ್ಲ. ಇಳಿಸುವಾಗ ಹಿಡಿಕೆಯನ್ನು ಪೂರ್ತಿ ಎಳೆಯುವುದೂ ಅಪಾಯ.
* 8ರ ಆಕಾರದ ಸಾಧನ: ಇಳಿಯಲು ಅನುಕೂಲ. ಬಿಲೇಗೆ ಘರ್ಷಣೆ ಕಡಿಮೆ, ಹಗ್ಗವೂ ಹುರಿಗೊಳ್ಳುತ್ತದೆ. ಹೊಸಬರು ಇದನ್ನು ಆರಿಸದಿರುವುದೇ ಲೇಸು.

ಪ್ರತಿ ಸಾಧನದ ಮೇಲೂ ಅದಕ್ಕೆ ಒಪ್ಪುವ ಹಗ್ಗದ ದಪ್ಪ ಅಚ್ಚಾಗಿರುತ್ತದೆ. 2019ರ ಗ್ರಿಗ್ರಿಗೆ 8.5ರಿಂದ 11 ಮಿ.ಮೀ. ಎಂದಿದೆ. ಹಳೆಯ ಮಾದರಿಗಳಿಗೆ ಈ ಮಿತಿ ಬೇರೆ. ಮಿತಿಗಿಂತ ತೆಳುವಾದ ಹಗ್ಗ ಜಾರುತ್ತದೆ, ದಪ್ಪನೆಯದು ಸಿಕ್ಕಿಕೊಳ್ಳುತ್ತದೆ. ಹೊಸ ಹಗ್ಗ ನುಣುಪಾಗಿರುವುದರಿಂದ ಮೊದಲ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು. ಸಾಧನವನ್ನು ಹಾರ್ನೆಸ್ಸಿಗೆ ಸೇರಿಸಲು ಲಾಕ್ ಇರುವ ಕ್ಯಾರಬೀನರನ್ನೇ ಬಳಸಬೇಕು.

ಯಾವ ಸಾಧನವಾದರೂ ಬಿಲೇಯರ್ ಹಗ್ಗದ ಬ್ರೇಕ್ ಬದಿಯನ್ನು ಹಿಡಿದ ಕೈಯನ್ನು ಒಂದು ಕ್ಷಣವೂ ಬಿಡಬಾರದು. ಸಹಾಯಕ ಬ್ರೇಕ್ ಇದ್ದರೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ಏರುವವರು ಬಿಲೇಯರ್‌ಗಿಂತ ಬಹಳ ಭಾರವಾಗಿದ್ದರೆ ಬಿಲೇಯರ್ ಮೇಲಕ್ಕೆ ಸೆಳೆಯಲ್ಪಡುತ್ತಾರೆ. ಅನುಭವಿ ತರಬೇತುದಾರರ ಎದುರು ಇದನ್ನು ಅಭ್ಯಾಸ ಮಾಡಿರಬೇಕು.

ಕಾಳಜಿ

ಬ್ಯಾಟರಿ ಆಸಿಡ್ ಸೋಕಿದ ನೈಲಾನ್ ಹೊರಗೆ ಕಾಣದಂತೆಯೂ ದುರ್ಬಲವಾಗಬಹುದು. ಹಾಗಾಗಿ ಹಗ್ಗವನ್ನು ವಾಹನದ ಡಿಕ್ಕಿಯಲ್ಲಿ ಎಲ್ಲೆಂದರಲ್ಲಿ ಎಸೆಯಬಾರದು. ಕೊಳೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕವಚ ಹರಿದಿದ್ದರೆ, ಬೆರಳಾಡಿಸಿದಾಗ ಒಳಗೆ ಮೆತ್ತನೆಯ ಜಾಗ ಸಿಕ್ಕರೆ, ದೊಡ್ಡ ಬೀಳುವಿಕೆ ತಡೆದಿದ್ದರೆ ಆ ಹಗ್ಗವನ್ನು ಮತ್ತೆ ಬಳಸುವಂತಿಲ್ಲ. ಬಳಸದೆ ಇಟ್ಟ ಹಗ್ಗಕ್ಕೂ ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಆಯಸ್ಸು 10 ವರ್ಷ. ಬಳಸಿದ ಹಗ್ಗ, ಅದರ ಪೂರ್ವಾಪರ ತಿಳಿಯದಿದ್ದರೆ, ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು.

ಏರುವ ಮುನ್ನ ಇಬ್ಬರೂ ಪರಸ್ಪರ ಪರೀಕ್ಷಿಸಬೇಕಾದವು ಐದು: ಹಾರ್ನೆಸ್ಸಿನ ಬಕಲ್, ಏರುವವರ ಗಂಟು, ಸಾಧನದೊಳಗೆ ಹಗ್ಗ ಹಾಕಿದ ರೀತಿ, ಕ್ಯಾರಬೀನರ್ ಲಾಕ್, ಹಗ್ಗದ ಕೆಳತುದಿಯ ಗಂಟು.