ಹತ್ತು, ಒಂಬತ್ತು, ಎಂಟು

ಕಾಣೆಯಾದ ಮಗು ಎಂದೊಡನೆ ಕಣ್ಣಿಗೆ ಬರುವುದು ಕೈಯಲ್ಲಿ ಫೋಟೋ ಹಿಡಿದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತ ತಾಯಿ. ಮುಂಬೈಯ ರೈಲು ನಿಲ್ದಾಣಗಳಿಗೆ ಗೊತ್ತಿದ್ದ ಚಿತ್ರ ಬೇರೆ. ಅಪ್ಪನ ಹೊಡೆತಕ್ಕೋ ಹಸಿವಿಗೋ ಸಿನಿಮಾದ ಹುಚ್ಚಿಗೋ ಮನೆ ಬಿಟ್ಟ ಹುಡುಗ ಬೆಳಗಿನ ಜಾವ ಇಳಿದು ನಿಲ್ಲುತ್ತಿದ್ದ. ಮನೆಯವರ ಲೆಕ್ಕದಲ್ಲಿ ಅವನು ಕಾಣೆಯಾಗಿದ್ದ. ಊರಿನ ಲೆಕ್ಕದಲ್ಲಿ ಪ್ಲಾಟ್‌ಫಾರ್ಮಿನ ಕಸ. ಅವನನ್ನು ಮೊದಲು ಮಾತಾಡಿಸುವವನು ಯಾರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತಿತ್ತು.

ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳ ನಡುವೆ ಓಡಾಡುತ್ತ ಅವರಿಗೆ ತಮ್ಮ ಮನೆಯ ಫೋನ್ ನಂಬರನ್ನೇ ಕೊಟ್ಟಿದ್ದರು. ರಾತ್ರಿಯೆಲ್ಲ ಫೋನ್ ಬರತೊಡಗಿತು. ಒಬ್ಬನಿಗೆ ಗಾಯ, ಇನ್ನೊಬ್ಬನನ್ನು ಪೊಲೀಸರು ಎಳೆದೊಯ್ದಿದ್ದಾರೆ, ಮತ್ತೊಬ್ಬನಿಗೆ ಸುಮ್ಮನೆ ಮಾತಾಡಬೇಕು. ಒಂದು ಮನೆಯ ಫೋನು ತಾಳುವ ಕೆಲಸವಲ್ಲ ಅದು. 1996ರಲ್ಲಿ ಅದೇ ಸಂಸ್ಥೆಯ ಪ್ರಯೋಗವಾಗಿ ಮುಂಬೈಯಲ್ಲಿ ಚೈಲ್ಡ್‌ಲೈನ್ ಶುರುವಾಯಿತು: ಹಗಲು ರಾತ್ರಿ ತೆರೆದಿರುವ, ಕಾಸಿಲ್ಲದೆ ಕರೆಯಬಹುದಾದ 1098.

ಓದು ಬಾರದ ಹುಡುಗನಿಗೆ ನಾಲ್ಕಂಕಿಯ ನಂಬರ್ ನೆನಪಿರುವುದು ಹೇಗೆ? ಅದನ್ನು ‘ದಸ್, ನೌ, ಆಠ್’ ಎಂದು ಹೇಳಿಕೊಟ್ಟರು. ಹತ್ತು, ಒಂಬತ್ತು, ಎಂಟು. ಹಿಂದಕ್ಕೆ ಎಣಿಸಲು ಬಂದರೆ ಸಾಕು. ಫೋನ್ ಎತ್ತುವವರಲ್ಲಿ, ಕರೆ ಬಂದಲ್ಲಿಗೆ ಓಡುವವರಲ್ಲಿ ಬೀದಿಯಲ್ಲೇ ಬೆಳೆದ ಹುಡುಗರೂ ಇದ್ದರು. ಇಡೀ ಯೋಜನೆಯ ಜೀವ ಇದ್ದದ್ದು ಇಲ್ಲಿಯೇ. ದೂರು ಕೊಡಬೇಕಾದ್ದು ಪಾಲಕರು, ಹುಡುಕಬೇಕಾದ್ದು ಪೊಲೀಸರು ಎಂಬ ರೂಢಿಯನ್ನು ಬಿಟ್ಟು, ಕಳೆದುಹೋದ ಮಗುವೇ ಕರೆಯಬಹುದು ಎಂದು ಅವರು ನಂಬಿದರು. ಎಷ್ಟೋ ಕರೆಗಳಲ್ಲಿ ಆ ಕಡೆಯಿಂದ ಮಾತೇ ಇರುತ್ತಿರಲಿಲ್ಲ. ಆದರೂ ಫೋನ್ ಇಡುವಂತಿರಲಿಲ್ಲ. ಇವತ್ತು ಸುಮ್ಮನಿದ್ದ ಮಗು ನಾಳೆ ಬಾಯಿ ಬಿಡಬಹುದು.

ಮುಂಬೈ ಕನ್ನಡಿಗರಿಗೆ ಈ ಹುಡುಗ ತೀರ ಅಪರಿಚಿತನೇನಲ್ಲ. ಕರಾವಳಿಯಿಂದ ಮನೆಯಲ್ಲಿ ಹೇಳದೆ ಹೊರಟು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರ ಕಥೆಯನ್ನು ಇಲ್ಲಿನ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಗೆದ್ದವರ ಕಥೆ ಅದು. ಗೆಲ್ಲದವರಿಗೆ ಮೈಕು ಸಿಗುವುದಿಲ್ಲ. ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದನ್ನು ಕಾನೂನು ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ.

ಅದೇ ವರ್ಷದ ಕೊನೆಗೆ ದೆಹಲಿಯ ಪಕ್ಕದ ನಿಠಾರಿಯಲ್ಲಿ ಚರಂಡಿಯಿಂದ ಮಕ್ಕಳ ಎಲುಬುಗಳು ಸಿಕ್ಕವು. ಮಕ್ಕಳು ಕಾಣೆಯಾಗಿದ್ದಾರೆಂದು ಬಡ ತಂದೆತಾಯಿಗಳು ಹಿಂದೆಯೇ ಠಾಣೆಗೆ ಅಲೆದಿದ್ದರು, ಕೇಳಿಸಿಕೊಂಡವರಿಲ್ಲ. ಮಗು ಕಾಣೆಯಾದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸುವುದು ಎಷ್ಟೋ ಠಾಣೆಗಳಲ್ಲಿ ವಾಡಿಕೆಯಾಗಿತ್ತು. ಅದಕ್ಕೆ ಕಡಿವಾಣ ಬಿದ್ದದ್ದು ಬಚಪನ್ ಬಚಾವೋ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ. ಎಫ್‌ಐಆರ್ ಕಡ್ಡಾಯ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಅಪಹರಣ ಅಥವಾ ಸಾಗಾಣಿಕೆ ಎಂದೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದು ಹೇಳಿತು. ಸ್ವಾತಂತ್ರ್ಯ ಬಂದು 65 ವರ್ಷ ಕಳೆದ ಮೇಲೆ!

ಅಷ್ಟರಲ್ಲಿ ಚೈಲ್ಡ್‌ಲೈನ್ ಮುಂಬೈ ದಾಟಿ ದೇಶದ ಊರೂರಿಗೆ ಹಬ್ಬಿತ್ತು. 1999ರಲ್ಲಿ ಕೇಂದ್ರ ಸರ್ಕಾರದ ಬೆಂಬಲದೊಂದಿಗೆ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಆಗಿ, ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಕೆಲಸ ನಡೆಯುತ್ತಿತ್ತು. ಫೋನ್ ಎತ್ತುವುದು ಅದರಲ್ಲಿ ಸುಲಭದ ಭಾಗ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಊರಿನ ಹೆಸರನ್ನು ಮಗು ತಪ್ಪಾಗಿ ಹೇಳಿದರೆ ಹುಡುಕಬೇಕು. ಸರಿಯಾಗಿ ಹೇಳಿದರೂ, ಯಾವ ಹೊಡೆತ ತಪ್ಪಿಸಿಕೊಳ್ಳಲು ಅದು ಓಡಿಬಂದಿತೋ ಅಲ್ಲಿಗೇ ಮರಳಿ ಕಳಿಸಬಹುದೇ ಎಂದು ಯೋಚಿಸಬೇಕು. ಪತ್ತೆಯಾದ ಮಕ್ಕಳ ಸಂಖ್ಯೆ ಸಾರುವ ಸರ್ಕಾರಿ ಪ್ರಕಟಣೆಗಳಲ್ಲಿ ಈ ಕೊನೆಯ ಪ್ರಶ್ನೆಗೆ ಜಾಗ ಕಡಿಮೆ.

2023ರಿಂದ 1098 ಹಂತಹಂತವಾಗಿ ಸರ್ಕಾರದ ಕೈಗೆ ಹೋಗಿ, ತುರ್ತು ಸಂಖ್ಯೆ 112ರ ಜಾಲಕ್ಕೆ ಸೇರಿಕೊಂಡಿತು. ಪೊಲೀಸ್ ನೆರವು ಬೇಗ ಸಿಗುತ್ತದೆ ಎಂಬುದು ಇದರ ಪರವಾದ ಮಾತು. ಅಪಹರಣದ ವೇಳೆ ಅದು ಸಣ್ಣ ಮಾತಲ್ಲ. ಆದರೆ ಬೀದಿಯ ಹುಡುಗನಿಗೆ ಪೊಲೀಸರೆಂದರೆ ಮೊದಲು ನೆನಪಾಗುವುದು ಲಾಠಿ. ಪಳಗಿದ ಎಷ್ಟೋ ಸ್ವಯಂಸೇವಾ ತಂಡಗಳು ಈ ಬದಲಾವಣೆಯಲ್ಲಿ ಹೊರಗುಳಿದವು. ನಂಬರ್ ಮಾತ್ರ ಅದೇ ಇದೆ, ಹತ್ತು ಒಂಬತ್ತು ಎಂಟು. ಮಾತಾಡದ ಕರೆ ಬಂದಾಗ ಎಷ್ಟು ಹೊತ್ತು ಕಾಯುತ್ತಾರೆ ಎಂಬುದು ಈಗ ರಾಜ್ಯ ರಾಜ್ಯದ ಕಂಟ್ರೋಲ್ ರೂಮಿನವರ ಕೈಯಲ್ಲಿದೆ.